ಪೆಟ್ಟಿಗೆ ನಿಂತ ಗಳಿಗೆ

ನಾನು ಪಾಂಡವಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ದೆವ್ವ, ಗಾಳಿ, ಕನಸಿನಲ್ಲಿ ಬಂದು ಬುದ್ಧಿ ಹೇಳಿದ ಅಜ್ಜಿ, ಇಂಥ ಮಾತನ್ನು ಯಾರಾದರೂ ಸ್ಟಾಫ್ ರೂಮಿನಲ್ಲಿ ಎತ್ತಿದರೆ ಸುಮ್ಮನೆ ಕೇಳಿಸಿಕೊಳ್ಳುವ ತಾಳ್ಮೆಯೂ ನನಗಿರಲಿಲ್ಲ. "ನಿಮ್ಮಜ್ಜಿ ಬದುಕಿದ್ದಾಗ ನಿಮ್ಮ ಹತ್ತಿರ ಇಷ್ಟು ಮಾತಾಡಿದ್ದರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನು ಹೇಳಲು ಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರಿಗೂ ಅದೇ ಗತಿಯಾಗುತ್ತಿತ್ತು. ಆದ್ದರಿಂದ ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಾನೇ ಪೂರ್ತಿ ನಂಬಿಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವುದೂ ನನ್ನಿಂದ ಆಗುತ್ತಿಲ್ಲ.

ಮೊದಲು ಸರೋಜಮ್ಮನ ವಿಷಯ ಹೇಳಬೇಕು. ನಮ್ಮ ಬೀದಿಯಲ್ಲೇ ಅವಳ ಹೊಲಿಗೆ ಅಂಗಡಿ. ಎಂಟೋ ಹತ್ತೋ ವರ್ಷದ ಹುಡುಗಿಯಾಗಿದ್ದಾಗ ಜ್ವರ ಬಂದು ಅವಳ ಎರಡು ಕಿವಿಯೂ ಹೋಗಿದ್ದವು. ಮಾತು ಕಲಿತ ಮೇಲೆ ಕಿವಿ ಹೋದದ್ದರಿಂದ ಮಾತು ಉಳಿದಿತ್ತು, ಆದರೆ ಏರಿಳಿತ ಇರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲವನ್ನೂ ಹಿಡಿಯುತ್ತಿದ್ದಳು. ಬೀದಿಯ ಆ ಕಡೆ ನಿಂತು ನಾವು ಅವಳನ್ನು ಆಡಿಕೊಂಡರೂ ಗೊತ್ತಾಗಿಬಿಡುತ್ತಿತ್ತು. ನನ್ನ ಬ್ಲೌಸ್ ಸಡಿಲವಾಗಿದೆ ಎಂದು ಒಮ್ಮೆ ಬಸ್‌ಸ್ಟಾಪಿನಲ್ಲಿ ನಿಂತು ಯಾರ ಹತ್ತಿರವೋ ಹೇಳಿದ್ದಕ್ಕೆ, ಅಂಗಡಿಯೊಳಗಿಂದಲೇ "ನೀವ್ ಸಣ್ಣ ಆಗಿದ್ದೀರ ಕಣಕ್ಕ, ನನ್ ವಲಿಗೆ ಸರ್ಯಾಗೇ ಅದೆ" ಎಂದು ಕೂಗಿದ್ದಳು.

ಅವಳ ಗಂಡ ನಿಂಗರಾಜು ನಾಲೆಯ ಸೌಡಿ. ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವ ಕೆಲಸ. ಒಂದು ದಿನ ಸಂಜೆ ತೂಬು ನೋಡಿ ಬರುತ್ತೇನೆಂದು ಹೋದವನು ಬರಲಿಲ್ಲ. ಸೈಕಲ್ಲು ಏರಿಯ ಮೇಲೆ ಸ್ಟ್ಯಾಂಡ್ ಹಾಕಿಕೊಂಡು ನಿಂತಿತ್ತು, ಹ್ಯಾಂಡಲಿನ ಮೇಲೆ ಅವನ ಟವೆಲ್ಲು. ನೀರು ತಗ್ಗಿಸಿ ಹುಡುಕಿಸಿದರು, ಸಿಗಲಿಲ್ಲ. ಮುಳುಗಿ ಹೋದ ಎಂದರು ಕೆಲವರು. ಹೇಮಗಿರಿಯ ದನದ ಜಾತ್ರೆಯಲ್ಲಿ ಹಗ್ಗ ಕೊಳ್ಳುತ್ತಿದ್ದುದನ್ನು ಕಂಡೆ ಎಂದ ಒಬ್ಬ. ಕೆ.ಆರ್.ಎಸ್.ನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತಾನೆ ಎಂದ ಇನ್ನೊಬ್ಬ. ಸರೋಜಮ್ಮ ಎಲ್ಲ ಕಡೆಗೂ ಹೋಗಿ ನೋಡಿಕೊಂಡು ಬಂದಳು. ಹೇಮಗಿರಿಗಂತೂ ಪ್ರತಿವರ್ಷ ಹೋಗುತ್ತಿದ್ದಳು. ದನ ಕೊಳ್ಳುವವರ ಮುಖಗಳನ್ನೆಲ್ಲ ನೋಡಿ, ಸಂಜೆ ಬಸ್ಸಿಗೆ ವಾಪಸ್ಸು.

ಹೀಗೆ ಹತ್ತಿರ ಹತ್ತು ವರ್ಷ ಕಳೆದ ಮೇಲೆ ಮಗಳು ಪವಿತ್ರಳಿಗೆ ಕೆ.ಆರ್. ಪೇಟೆಯ ಸಂಬಂಧ ಕೂಡಿಬಂತು. ಹುಡುಗ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ, ಒಳ್ಳೆಯವನು. ತಕರಾರು ಎದ್ದದ್ದು ಧಾರೆಯ ವಿಷಯಕ್ಕೆ. ಸರೋಜಮ್ಮನ ಕುತ್ತಿಗೆಯಲ್ಲಿ ತಾಳಿ ಇದೆ, ಹಣೆಯಲ್ಲಿ ಕುಂಕುಮ ಇದೆ, ಪಕ್ಕದಲ್ಲಿ ಗಂಡ ಇಲ್ಲ. ಅವಳು ಧಾರೆಗೆ ನಿಲ್ಲಬಹುದೋ ಬಾರದೋ? ಗಂಡಿನ ಕಡೆಯವರು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನಮಗೆ ಕೇಳಿಸುವ ಹಾಗೆ ತಮ್ಮತಮ್ಮಲ್ಲೇ ಕೇಳಿಕೊಂಡರು. ಹೊಣಕೆರೆ ಕಡೆಯ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದ ನಿಂಗರಾಜುವಿನ ಅಣ್ಣ ಬಂದು, "ಅವ್ನಿಲ್ಲ ಅಂತ ಒಪ್ಕಂಬುಡವ್ವ. ಕರ್ಮ ಮುಗಿಸ್ಬುಟ್ಟು, ನಾನೂ ನಮ್ಮನೇವ್ಳೂ ನಿಂತು ಧಾರೆ ಎರ್ಕೊಡ್ತೀವಿ" ಎಂದ. ಕೆಟ್ಟ ಮನುಷ್ಯನಲ್ಲ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು.

ಅವಳಿಗೆ ಅತ್ತ ದರಿ ಇತ್ತ ಪುಲಿ ಎಂಬಂತಾಯಿತು. ನನ್ನ ಮುಂದೆ ಕೂತು ಹೇಳಿದಳು: "ಆವಯ್ಯ ಬದ್ಕಿದ್ರೆ, ತಾಳಿ ತಗ್ದು ಪಾಪ ಕಟ್ಕತೀನಿ. ಸತ್ತೋಗಿದ್ರೆ, ತಾಳಿ ಇಟ್ಕಂಡು ಮಗೀನ್ ಧಾರೆಗೆ ನಿಂತು ಪಾಪ ಕಟ್ಕತೀನಿ. ಒಂದ್ ಮಾತು ಗೊತ್ತಾಗ್ಬುಟ್ಟಿದ್ರೆ ಸಾಕಾಗಿತ್ತು ಕಣಕ್ಕ."

ಪಾಪವೂ ಇಲ್ಲ ಪುಣ್ಯವೂ ಇಲ್ಲ, ಹೆತ್ತವಳು ನೀನು, ನಿನ್ನ ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೀನೇ ಧಾರೆ ಎರೆ ಎಂದು ನಾನು ಹಟ ಹಿಡಿದೆ. ದಿನವೂ ಹೇಳಿದೆ. ಅಂಗಡಿಗೆ ಹೋದಾಗ ಹೇಳಿದೆ, ಹಾಲಿನವನ ಹತ್ತಿರ ನಿಂತಾಗ ಹೇಳಿದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಸೂಜಿಗೆ ದಾರ ಪೋಣಿಸುತ್ತಾ, "ಆಯ್ತು ಬುಡಕ್ಕ, ನಾನೇ ನಿಂತ್ಕತೀನಿ" ಎಂದಳು. ಪವಿತ್ರ ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. ಗೆದ್ದೆ ಎಂದುಕೊಂಡೆ.

ನಾನು ಹೇಳಹೊರಟಿರುವುದು ಅದೇ ಭಾನುವಾರದ ಸಂಜೆ ನಡೆದದ್ದು.

ನಮ್ಮ ಕಾಲೇಜಿನ ಕನ್ನಡ ಉಪನ್ಯಾಸಕ ಲೋಕೇಶ ಸಿನಿಮಾ ಹುಚ್ಚಿನ ಹುಡುಗ. ಅವನೂ ನಾನೂ ಸೇರಿಕೊಂಡು ತಿಂಗಳಿಗೊಂದು ಹಳೆಯ ಸಿನಿಮಾ ತೋರಿಸುತ್ತಿದ್ದೆವು. ಅಕ್ಕಿ ಅಂಗಡಿಯೊಂದರ ಮೇಲಿನ ಹಾಲು, ಒಂದು ಲ್ಯಾಪ್‌ಟಾಪು, ಕಾಲೇಜಿನಿಂದ ಕೇಳಿ ತಂದ ಪ್ರೊಜೆಕ್ಟರು. ಆ ತಿಂಗಳು ಅವನು ಆರಿಸಿದ್ದು ಜರ್ಮನಿಯ ಒಂದು ಮೂಕಿ ಚಿತ್ರ. ಯಾವುದೋ ರಂಗನಾಟಕವನ್ನೇ ತೆಗೆದುಕೊಂಡು ಮಾಡಿದ್ದಂತೆ. ಸರೋಜಮ್ಮನನ್ನು ಕರೆದದ್ದು ನಾನೇ. "ಮಾತಿಲ್ದ ಸಿನ್ಮಾ ಅಂದ್ರೆ ನಮ್ಮಂತೋರ್ಗೇ ಮಾಡಿರಾದು ಬುಡಿ" ಎಂದು ನಕ್ಕು, ಅಂಗಡಿಯ ಬಾಗಿಲು ಎಳೆದುಕೊಂಡು ನನ್ನ ಜೊತೆ ಬಂದಳು.

ಆ ಹಾಲು ಭಾನುವಾರಗಳಲ್ಲಿ ಪೌರಾಣಿಕ ನಾಟಕದ ತಾಲೀಮಿಗೆ ಮೀಸಲು. ಶ್ರೀರಂಗಪಟ್ಟಣದ ರಹಮತ್ ಮೇಷ್ಟ್ರು ಬಂದು ಸುತ್ತಲ ಊರಿನ ರೈತರಿಗೆ ದುರ್ಯೋಧನ, ಭೀಮ, ಕೃಷ್ಣರ ಪಾರ್ಟು ಕಲಿಸುತ್ತಿದ್ದರು. ನಮ್ಮ ಕಡೆ ಹಾರ್ಮೋನಿಯಂ ಮೇಷ್ಟ್ರೆಂದರೆ ನಾಟಕಕ್ಕೆ ಅವರೇ ಗುರು. ಹಾರ್ಮೋನಿಯಂ ಎಂದು ಯಾರೂ ಅನ್ನುವುದಿಲ್ಲ, ಪೆಟ್ಟಿಗೆ ಎನ್ನುತ್ತಾರೆ. ತಾಲೀಮು ಸ್ವಲ್ಪ ಬೇಗ ಮುಗಿಸಿ ಹಾಲು ಬಿಟ್ಟುಕೊಡಿ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ಅರೆ ಮೇಡಂ, ಮೂಕಿ ಪಿಚ್ಚರ್ರಾ? ಪೆಟ್ಗೆ ನಾನೇ ಇಡೀತೀನಿ ಬುಡಿ. ನಮ್ ಹುಡುಗ್ರೂ ನೋಡ್ಲಿ" ಎಂದರು. ಆ ಹುಡುಗರೆಂದರೆ ಮೊಮ್ಮಕ್ಕಳನ್ನು ಕಂಡವರೂ ಇದ್ದರು.

ಅರಮನೆ ಮತ್ತು ಕಾಡು ಬರೆದ ನಾಟಕದ ಪರದೆಗಳಿಂದ ಕಿಟಕಿಗಳನ್ನು ಮುಚ್ಚಿ, ಎದುರಿಗೆ ಒಂದು ಬಿಳಿ ಪಂಚೆ ಕಟ್ಟಿದೆವು. ಹೊರಗೆ ಇನ್ನೂ ಬಿಸಿಲಿತ್ತು. ಚಿತ್ರದಲ್ಲಿ ಬರಹದ ಫಲಕ ಬಂದಾಗ ಲೋಕೇಶ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಬೇಕು, ಅವನು ಓದುವಾಗ ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಬೇಕು. ಇದನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಪಾತ್ರಧಾರಿಯ ಮಾತು ಬಂದರೆ ಪೆಟ್ಟಿಗೆ ತಾನಾಗಿ ನಿಲ್ಲುವುದು ನಾಟಕದ ನಿಯಮ. ಸರೋಜಮ್ಮ ಪೆಟ್ಟಿಗೆಯ ಕಡೆ ಕೈ ತೋರಿಸಿ, "ಕಿವುಡಿ ಮುಂದೆ ಕಿನ್ನರಿ" ಎಂದು ತನ್ನನ್ನೇ ಹಾಸ್ಯ ಮಾಡಿಕೊಂಡಳು. ಮೇಷ್ಟ್ರ ನುಡಿಸಾಣಿಕೆ ಇಟ್ಟುಕೊಳ್ಳೋಣವೆಂದು ನಾನು ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದ ಕುರ್ಚಿಯ ಮೇಲಿಟ್ಟೆ.

ಚಿತ್ರದ ಕಥೆ ನನಗೆ ಮೊದಲೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳನ್ನು ಕರೆದೊಯ್ಯುತ್ತಿರಲಿಲ್ಲ. ಒಂದು ನಾಲೆ, ಅದರ ಬಾಗಿಲು ಕಾಯುವವನ ಮನೆ, ಆ ಮನೆಯ ಅಡಿಗೆಕೋಣೆ. ನಾಟಕವಾಗಿದ್ದದ್ದರಿಂದ ಚಿತ್ರವೆಲ್ಲ ಆ ಒಂದೇ ಕೋಣೆಯಲ್ಲಿ ನಡೆಯುತ್ತದೆ, ನಾಲೆ ಒಂದು ಸಲವೂ ಕಾಣುವುದಿಲ್ಲ. ಕಾವಲುಗಾರ ಹೊತ್ತಲ್ಲದ ಹೊತ್ತಿನಲ್ಲಿ ನಾಲೆಯ ಬಾಗಿಲು ತೆರೆದಾಗ ಅವನ ತಮ್ಮನೇ ನೀರಿನ ಪಾಲಾಗಿದ್ದಾನೆ. ತಾಯಿಗೆ ಇದು ತಿಳಿಯದು. ಅವಳು ಪ್ರತಿದಿನ ಕಿರಿಯ ಮಗನಿಗೂ ಒಂದು ತಟ್ಟೆ ಇಟ್ಟು ಕಾಯುತ್ತಾಳೆ. ಹಿರಿಯವನು ಎಲ್ಲವನ್ನೂ ನುಂಗಿಕೊಂಡು ಎದುರಿಗೆ ಕೂತು ಉಣ್ಣುತ್ತಾನೆ.

ಇಷ್ಟು ಗೊತ್ತಾಗುತ್ತಲೇ, ಎದ್ದು ಹೋಗೋಣ ಬಾ ಎಂದು ಸರೋಜಮ್ಮನ ತೋಳು ಹಿಡಿದೆ. ಅವಳು ಪಂಚೆಯ ಮೇಲಿಂದ ಕಣ್ಣು ಕೀಳದೆ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿ, "ಕೂತ್ಕಳಕ್ಕ" ಎಂದಳು.

ಚಿತ್ರ ಮುಗಿಯುವ ಹೊತ್ತಿಗೆ ತಾಯಿ ಮಗನ ಎದುರು ಬಂದು ನಿಲ್ಲುತ್ತಾಳೆ. ಫಲಕ ಬಂತು. ಪೆಟ್ಟಿಗೆ ನಿಂತಿತು. "ಅವನು ಯಾವಾಗ ಬರುತ್ತಾನೆ?" ಎಂದು ಲೋಕೇಶ ಓದಿದ. ಮತ್ತೆ ಪೆಟ್ಟಿಗೆ ಶುರುವಾಯಿತು. ಈಗ ಪಂಚೆಯ ತುಂಬ ಆ ಕಾವಲುಗಾರನ ಮುಖ ಮತ್ತು ಎದೆ. ಅವನು ತಲೆಯೆತ್ತಿದ. ತಾಯಿಯ ಕಡೆ ನೋಡಲಿಲ್ಲ, ನೆಟ್ಟಗೆ ನಮ್ಮ ಕಡೆ ನೋಡಿದ. ಮೇಜಿನ ಮೇಲಿದ್ದ ಬಲಗೈ ಎತ್ತಿ ಎರಡು ಬೆರಳಿನಿಂದ ತನ್ನ ಗದ್ದವನ್ನು ಮೆಲ್ಲಗೆ ತಟ್ಟಿಕೊಂಡ. ಆಮೇಲೆ ಬಾಯಿ ತೆರೆದು ಮಾತಾಡಿದ. ಬಿಡಿಸಿ ಬಿಡಿಸಿ, ನಿಧಾನವಾಗಿ, ಎರಡೇ ಚಿಕ್ಕ ಮಾತು. ಮೇಷ್ಟ್ರು ಪೆಟ್ಟಿಗೆ ನಿಲ್ಲಿಸಿ ಲೋಕೇಶನ ಕಡೆ ನೋಡಿದರು. ಫಲಕ ಬರಲೇ ಇಲ್ಲ. "ಇಲ್ಲಿ ಬರಹ ಕಳೆದುಹೋಗಿರಬೇಕು. ಹಳೇ ಪ್ರಿಂಟು" ಎಂದ ಲೋಕೇಶ. ತೆರೆಯ ಮೇಲೆ ತಾಯಿ ಆ ಖಾಲಿ ತಟ್ಟೆಯನ್ನು ಎತ್ತಿ ಒಳಗಿಟ್ಟಳು.

ಆಗಲೇ ಸರೋಜಮ್ಮ ಎದ್ದು ನಿಂತು, "ಒನ್ಸ್ ಮೋರ್" ಎಂದಳು.

ನಾಟಕದಲ್ಲಿ ಹಾಡು ಚೆನ್ನಾಗಿ ಬಂದರೆ ನಮ್ಮ ಜನ ಹಾಗೆ ಕೂಗುವುದುಂಟು, ಸತ್ತುಬಿದ್ದ ಅಭಿಮನ್ಯುವೂ ಎದ್ದು ಇನ್ನೊಂದು ಸಲ ಹಾಡಿ ಸಾಯಬೇಕು. ಆದರೆ ಸಿನಿಮಾಕ್ಕೆ ಒನ್ಸ್ ಮೋರ್ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತನ್ನ ದನಿ ತನಗೆ ಕೇಳಿಸದ್ದರಿಂದ ಅವಳದು ಬಲು ಜೋರಾಗಿತ್ತು. ಹಿಂದೆ ಕೂತಿದ್ದ ರೈತರಿಗೆ ಖುಷಿಯಾಗಿ ಹೋಯಿತು. ಒಬ್ಬ ಶಿಳ್ಳೆ ಹೊಡೆದ. "ಸರ್ಯಾಗ್ ಯೋಳ್ದೆ ಕಣವ್ವ! ಇನ್ನೊಂದ್ ಕಿತ ಬುಡ್ಲಾ ಲೋಕೇಸ!" ಎಂದ ಇನ್ನೊಬ್ಬ. ಲೋಕೇಶ ನಗುತ್ತಾ ಚಿತ್ರವನ್ನು ಹಿಂದಕ್ಕೆ ಎಳೆದ.

ಸರೋಜಮ್ಮ ಕುರ್ಚಿಗಳ ನಡುವೆ ನಡೆದು ಪಂಚೆಯ ಮುಂದೆ ಹೋಗಿ ನಿಂತಳು. ತಾಯಿಯ ಮೇಲೆ ಅವಳ ನೆರಳು ಬಿತ್ತು. ತೆರೆಯ ಮೇಲಿನವನು ಮತ್ತೆ ತಲೆಯೆತ್ತಿದ, ಮತ್ತೆ ಎರಡು ಬೆರಳಿನಿಂದ ಗದ್ದ ತಟ್ಟಿಕೊಂಡ, ಮಾತಾಡಿದ. ಪೆಟ್ಟಿಗೆ ಮತ್ತೆ ನಿಂತಿತು. ಸರೋಜಮ್ಮ ತಲೆಯಾಡಿಸಿದಳು, ಎದುರಿಗಿರುವವರ ಮಾತಿಗೆ ಒಪ್ಪುವ ಹಾಗೆ. ಹಿಂದಿನಿಂದ ಇನ್ನೊಂದು ಸಲ ಕೂಗು ಎದ್ದಾಗ ಅವಳು ತಿರುಗಿ ಕೈಯೆತ್ತಿ, "ಬ್ಯಾಡ. ಸಾಕು" ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ನಾನು ಮೊಬೈಲು ಎತ್ತಿಕೊಂಡು ಅವಳ ಹಿಂದೆ ಓಡಿದೆ.

ಹೊರಗೆ ಹೊತ್ತು ಮುಳುಗಿತ್ತು. ಕಬ್ಬು ತುಂಬಿದ ಟ್ರಾಕ್ಟರೊಂದು ಹೋಗುವ ತನಕ ಇಬ್ಬರೂ ರಸ್ತೆಯ ಪಕ್ಕ ನಿಂತಿದ್ದೆವು. ಏನಾಯಿತೆಂದು ಕೇಳಲು ನಾನು ಅವಳ ಮುಖವನ್ನು ಬೀದಿದೀಪದ ಕಡೆ ತಿರುಗಿಸಿಕೊಂಡೆ. ನಾನು ಕೇಳುವ ಮೊದಲೇ ಹೇಳಿದಳು.

"'ಕಾಯ್ಬ್ಯಾಡ ಕಣಮ್ಮಿ, ನಾನ್ ಬರಾಕಿಲ್ಲ' ಅಂದ್ರು."

ಯಾರು ಎಂದೆ. ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

"ನನ್ನ ಅಮ್ಮಿ ಅಂತ ಇನ್ಯಾರ್ ಕರ್ದಾರು? ಗದ್ದ ತಟ್ಕಂಡ್ರಲ್ಲ, ನೋಡ್ನಿಲ್ವಾ? ಮಾತಾಡಾಕ್ ಮುಂಚೆ ಅಂಗೇ ಮಾಡೋರು, ನಾನು ಅವ್ರ ತುಟಿ ನೋಡ್ಲಿ ಅಂತ. ಮದ್ವೆ ಆದಾಗಿಂದ್ಲೂ ಅಂಗೇ."

ಅವಳು ಅಳಲಿಲ್ಲ. ಅಳುತ್ತಿದ್ದವಳು ನಾನು. ಅದು ಜರ್ಮನಿಯವನು, ಸತ್ತು ಎಷ್ಟೋ ಕಾಲವಾದವನು, ಅವನಿಗೆ ಕನ್ನಡ ಬರುವುದಿಲ್ಲ, ನಿನ್ನ ಮನಸ್ಸಿನಲ್ಲಿದ್ದದ್ದೇ ನಿನಗೆ ಕಂಡಿದೆ ಎಂದು ಏನೇನೋ ಹೇಳಿದೆ. ಅವಳು ನನ್ನ ತುಟಿಯನ್ನು ನೋಡಲೇ ಇಲ್ಲ. ಅವಳ ಜೊತೆ ಮಾತು ಮುಗಿಸುವುದು ಅಷ್ಟು ಸುಲಭ, ಅವಳು ಬೇರೆ ಕಡೆ ತಿರುಗಿದರೆ ಸಾಕು.

ಆ ವಾರವೇ ಅವಳ ಭಾವ ಬಂದ. ಶ್ರೀರಂಗಪಟ್ಟಣದ ಹೊಳೆಯ ದಡದಲ್ಲಿ, ಹೆಣ ಸಿಗದವರಿಗೆ ಹುಲ್ಲಿನ ಗೊಂಬೆ ಮಾಡಿ ಮಾಡುವ ಹಾಗೆ, ನಿಂಗರಾಜುವಿನ ಕರ್ಮ ಮುಗಿಸಿದರು. ಮದುವೆಯ ದಿನ ಭಾವ ಮತ್ತು ಅವನ ಹೆಂಡತಿ ಧಾರೆ ಎರೆದರು. ಸರೋಜಮ್ಮ ಛತ್ರದ ಕಂಬದ ಹತ್ತಿರ, ಬರೀ ಹಣೆಯಲ್ಲಿ ಕೂತಿದ್ದಳು. ಪವಿತ್ರ ಮಂಟಪದಿಂದ ತಲೆಯೆತ್ತಿ ಅಮ್ಮನನ್ನು ಹುಡುಕುತ್ತಿದ್ದುದು ನನಗೆ ಕಾಣುತ್ತಿತ್ತು. ಗಟ್ಟಿಮೇಳ ಬಾರಿಸಿದರು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದರೆ, ಹೇಳಿದರೆ ನಗುತ್ತೀರಿ, ಆ ಪಂಚೆಯ ಮೇಲಿನವನ ಮೇಲೆ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಇವಳು ಮಗಳ ಧಾರೆಗೆ ನಿಂತಿರುತ್ತಿದ್ದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ದುಃಖದಲ್ಲಿದ್ದ ಹೆಂಗಸಿಗೆ ಏನೋ ಕಂಡಿತು ಎಂದು ಸುಮ್ಮನಾಗುತ್ತಿದ್ದೆ. ಕೆಲವು ತಿಂಗಳ ನಂತರ ಕಣ್ಣಿನ ಪಾಠ ಮಾಡಬೇಕಾಗಿ ಬಂತು. ಸಿನಿಮಾದಲ್ಲಿ ಯಾವುದೂ ಅಲುಗಾಡುವುದಿಲ್ಲ, ನಿಂತ ಚಿತ್ರಗಳನ್ನು ನಮ್ಮ ಕಣ್ಣು ಮತ್ತು ಮಿದುಳು ಸೇರಿ ಜೋಡಿಸಿಕೊಳ್ಳುತ್ತವೆ ಎಂದು ವರ್ಷವೂ ಹೇಳುವ ಪಾಠ. ತೋರಿಸಲು ಒಂದು ತುಣುಕು ಬೇಕಾಗಿ ಲೋಕೇಶನಿಂದ ಆ ಚಿತ್ರವನ್ನೇ ತೆಗೆದುಕೊಂಡೆ.

ತಾಯಿ ಕೇಳುತ್ತಾಳೆ. ಕಾವಲುಗಾರ ತಲೆಯೆತ್ತುತ್ತಾನೆ. ಎರಡು ಕೈಗಳೂ ಮೇಜಿನ ಮೇಲೇ ಇರುತ್ತವೆ. ಬಾಯಿ ತೆರೆಯುವುದೇ ಇಲ್ಲ. ಸುಮ್ಮನೆ ನೋಡುತ್ತಾನೆ, ಬಲು ಹೊತ್ತು ನೋಡುತ್ತಾನೆ. ತಾಯಿ ತಟ್ಟೆ ಎತ್ತುತ್ತಾಳೆ.

ಬೇರೆ ಪ್ರತಿ ಇರಬಹುದೆಂದು ಲೋಕೇಶನ ಲ್ಯಾಪ್‌ಟಾಪಿನಲ್ಲೇ ಹಾಕಿಸಿ ನೋಡಿದೆ. ಅವತ್ತು ತೋರಿಸಿದ್ದು ಅದನ್ನೇ, ಅವನ ಹತ್ತಿರ ಇದ್ದದ್ದೂ ಅದೊಂದೇ. ಅವನೂ ಹಿಂದಕ್ಕೆ ಎಳೆದು ಎಳೆದು ನೋಡಿದ. "ಮಾತಾಡಿದ್ದ ಮೇಡಂ. ಬರಹ ಕಳೆದುಹೋಗಿದೆ ಅಂತ ನಾನೇ ಹೇಳಿದೆನಲ್ಲ" ಎಂದ. ಮೂಲ ನಾಟಕದ ಬಗ್ಗೆ ಎಲ್ಲೆಲ್ಲೋ ಹುಡುಕಿ ಓದಿದ. ನಾಟಕದಲ್ಲೂ ಕಾವಲುಗಾರ ಆ ಗಳಿಗೆಯಲ್ಲಿ ಮಾತಾಡುವುದಿಲ್ಲವಂತೆ. ಅವನು ಏನೂ ಹೇಳದೆ ಇರುವುದೇ ತಾಯಿಗೆ ಉತ್ತರವಂತೆ. ಕಳೆದುಹೋಗಲು ಅಲ್ಲಿ ಬರಹವೇ ಇರಲಿಲ್ಲ.

ರಹಮತ್ ಮೇಷ್ಟ್ರಿಗೆ ಫೋನು ಮಾಡಿದೆ. ನಾನು ವಿಷಯ ಹೇಳದೆ, ಕೊನೆಯಲ್ಲಿ ಪೆಟ್ಟಿಗೆ ಯಾಕೆ ನಿಲ್ಲಿಸಿದಿರಿ ಎಂದಷ್ಟೇ ಕೇಳಿದೆ. "ಡೈಲಾಗ್ ಬಂತಲ್ಲ ಮೇಡಂ. ಗದ್ದ ಮುಟ್ಕಂಡು ಮಾತಾಡ್ದ ಆ ಆದ್ಮಿ. ಮಾತಿನ್ ಮೇಲೆ ಪೆಟ್ಗೆ ನುಡಿಸ್ಬಾರ್ದು" ಎಂದರು. ಆಮೇಲೆ, "ಯಾಕೆ?" ಎಂದು ಕೇಳಿದರು. ಸುಮ್ಮನೆ ಕೇಳಿದೆ ಎಂದು ಹೇಳಿ ಫೋನು ಇಟ್ಟೆ.

ನಾನು ಹೆದರಿದ್ದು ಅದಕ್ಕಲ್ಲ. ಸರೋಜಮ್ಮ ಅದನ್ನು ಇನ್ನೊಂದು ಸಲ ನೋಡಲು ಕೇಳಿದರೆ ಏನು ಮಾಡುವುದು ಎಂದು ಹೆದರಿದ್ದೆ. ಆ ಒಂದು ಮಾತಿಗಾಗಿ ಅವಳು ತಾಳಿ ತೆಗೆದಿದ್ದಳು, ಮಗಳ ಧಾರೆ ಬಿಟ್ಟಿದ್ದಳು. ಅವನು ಮಾತೇ ಆಡಿರಲಿಲ್ಲ ಎಂದು ಯಾವ ಬಾಯಿಂದ ಹೇಳಲಿ? ಹೆದರಿದ್ದೇ ಆಯಿತು. ಒಂದು ಮಧ್ಯಾಹ್ನ ಅಂಗಡಿಗೆ ಹೋದಾಗ, "ಅಕ್ಕ, ಆ ಸಿನ್ಮಾ ಇನ್ನೊಂದ್ ಕಿತ ತೋರ್ಸಿ. ಮಖ ನೋಡ್ಬೇಕು ಅನ್ನಿಸ್ತದೆ" ಎಂದಳು. ಕುತ್ತಿಗೆಯಲ್ಲಿ ಕರಿಮಣಿ ಇದ್ದ ಜಾಗ ಇನ್ನೂ ಬೆಳ್ಳಗಿತ್ತು. ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಮನೆಯಿಂದ ಲ್ಯಾಪ್‌ಟಾಪು ತಂದು ಹೊಲಿಗೆ ಮಿಷನ್ನಿನ ಮೇಲಿಟ್ಟೆ.

ಹಗಲು ಬೆಳಕಿನಲ್ಲಿ ಅವಳು ಬಗ್ಗಿ ಕೂತು ನೋಡಿದಳು. ತಾಯಿ ಕೇಳಿದಳು. ಅವನು ತಲೆಯೆತ್ತಿದ. ಕೈ ಮೇಜಿನ ಮೇಲೇ ಇತ್ತು. ತುಟಿ ಅಲುಗಲಿಲ್ಲ. ನಾನು ಪರದೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ತಾಯಿ ತಟ್ಟೆ ಎತ್ತುವ ತನಕ ಅವಳು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ನೆಟ್ಟಗೆ ಕೂತು ಉಸಿರುಬಿಟ್ಟಳು.

"ಈಗ ಮಾತಾಡ್ತಿಲ್ಲ" ಎಂದಳು.

ಹೌದು, ಮಾತಾಡುತ್ತಿಲ್ಲ ಎಂದೆ.

"ಯೋಳಾದ್ನ ಯೋಳಿ ಆದ್ ಮ್ಯಾಕೆ ಇನ್ಯಾಕ್ ಮಾತಾಡಾರು?" ಎಂದು, ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಅರ್ಧಕ್ಕೆ ಬಿಟ್ಟಿದ್ದ ಬ್ಲೌಸನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಅವಳಿಗೆ ಅಷ್ಟು ಸಾಕಾಯಿತು, ನನಗೆ ಸಾಕಾಗುತ್ತಿಲ್ಲ. ನನ್ನ ಮೊಬೈಲಿನಲ್ಲಿ ಆ ಸಂಜೆಯ ರೆಕಾರ್ಡಿಂಗ್ ಇನ್ನೂ ಇದೆ. ಪೆಟ್ಟಿಗೆ ನುಡಿಯುತ್ತಿರುತ್ತದೆ, ಲೋಕೇಶ ತಾಯಿಯ ಪ್ರಶ್ನೆ ಓದುತ್ತಾನೆ, ಪೆಟ್ಟಿಗೆ ಮತ್ತೆ ಶುರುವಾಗಿ ತಟ್ಟನೆ ನಿಲ್ಲುತ್ತದೆ. ಎರಡು ಚಿಕ್ಕ ಮಾತು ಆಡುವಷ್ಟು ಹೊತ್ತು ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಸರೋಜಮ್ಮನ ಏರಿಳಿತವಿಲ್ಲದ ದನಿ, ಒನ್ಸ್ ಮೋರ್. ಶಿಳ್ಳೆ, ನಗು. ಪೆಟ್ಟಿಗೆ ಇನ್ನೊಂದು ಸಲ ಶುರುವಾಗುತ್ತದೆ. ಅದು ಎರಡನೆಯ ಸಲ ನಿಲ್ಲುವ ಜಾಗ ಬರುವ ಮೊದಲೇ ನಾನು ಆಫ್ ಮಾಡಿಬಿಡುತ್ತೇನೆ. ಅಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಾರದು ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಇವತ್ತಿನ ತನಕ ಒಂದು ಸಲವೂ ಕೇಳಿಲ್ಲ.